ಟುಸ್ ಎಂದ ಗುಂಡು

ಏಪ್ರಿಲ್ 9, ಬುಧವಾರ

ಇವತ್ತೂ ಅಂಚೆ ಜೀಪಿನಲ್ಲಿ ಕೂಗುತ್ತಲೇ ಹೋದೆ. "ಗುಂಡು ತುಂಬಿ, ಸಿದ್ಧರಾಗಿ!" — ಒಂದು ಡಬ್ಬಿಗೆ ಕಾಗದ. "ರೆಡಿನಾ?" — ಮುಂದಿನ ಡಬ್ಬಿ. "ತಡೀರಿ..." — ಅದರ ಮುಂದಿನದು. ಆಮೇಲೆ ಬಾಯಲ್ಲೇ ಬೀಪ್. ಬ್ಲಾಹಾ ಮನೆಯ ಅಜ್ಜಿ ಗೇಟಿನ ಹತ್ತಿರ ನಿಂತಿದ್ದು ನೋಡಿರಲಿಲ್ಲ. "ಯಾರಿಗಮ್ಮಾ ಬೈತಿದ್ದೀಯ ಬೆಳಬೆಳಗ್ಗೆ?" ಅಂದರು.

ಪಾಸು! ಶೂಟಿಂಗ್ ರೇಂಜ್ ಆಫೀಸರ್ ಪರೀಕ್ಷೆ ಪಾಸು! ಪತ್ರ ನನ್ನ ಜೀಪಿನಲ್ಲೇ ಬಂತು. ನನ್ನ ಮನೆ ಡಬ್ಬಿಗೆ ನಾನೇ ಹಾಕಿ, ಇಳಿದು, ನಾನೇ ತೆಗೆದೆ.

ಎಂಟು ವರ್ಷದಿಂದ ಕ್ಲಬ್ಬಿನಲ್ಲಿ ಪಿಸ್ತೂಲು ಹೊಡೆಯುತ್ತಿದ್ದೇನೆ. ಪಟ್ಟಿಯಲ್ಲಿ ಹೆಸರು ಯಾವಾಗಲೂ ಕೆಳಗಿನಿಂದ ನಾಲ್ಕನೆಯದೋ ಐದನೆಯದೋ. ಇರಲಿ. ಓಡುತ್ತಾ, ಬಗ್ಗುತ್ತಾ, ಗಡಿಯಾರದ ವಿರುದ್ಧ ಹೊಡೆಯುವವರ ಬೆನ್ನಿಗೆ ಟೈಮರ್ ಹಿಡಿದು ನಿಲ್ಲುವವರು ಒಬ್ಬರು ಬೇಕಲ್ಲ. ಅದು ಇನ್ನು ನಾನು.

ಗಂಡ ಲೈಲ್‌ನ ಸೊಂಟಕ್ಕೆ ಪಿಸ್ತೂಲಿನ ಬದಲು ಬಾಳೆಹಣ್ಣು ಸಿಕ್ಕಿಸಿ ಅಡುಗೆಮನೆಯಲ್ಲಿ ಅಭ್ಯಾಸ ಮಾಡಿಸಿದೆ. ಫ್ರಿಜ್ ಹತ್ತಿರ ತಿರುಗುವಾಗ ಬಾಳೆಹಣ್ಣಿನ ಮೂತಿ ನನ್ನ ಕಡೆಗೇ ಬಂತು.

"ನಿಲ್ಲು! ನೀನು ಅನರ್ಹ!"

"ಇಪ್ಪತ್ತು ವರ್ಷದ ಸಂಸಾರ ಕಣೇ, ಒಂದು ಅವಕಾಶ ಕೊಡು."

"ಮೂತಿ ಹಿಂದಕ್ಕೆ ತಿರುಗಿದ್ರೆ ಮಾಫಿ ಇಲ್ಲ."

ಆಯುಧವನ್ನು ಸುಲಿದು ತಿಂದುಬಿಟ್ಟ.

ಏಪ್ರಿಲ್ 13, ಭಾನುವಾರ

ಮೊದಲ ದಿನ. ಹದಿನಾಲ್ಕು ಜನರನ್ನು ಓಡಿಸಿದೆ. ಮೊದಲನೆಯವನಿಗೆ "ಸಿದ್ಧರಾಗಿ" ಅಂದದ್ದು ನನಗೇ ಕೇಳಿಸಲಿಲ್ಲ. ಡ್ವೈಟ್ ಹ್ರುಸ್ಕಾ ಹಿಂದಿನಿಂದ, "ಜೋರಾಗಿ ಹೇಳು ತಾಯಿ, ಇದು ಚರ್ಚ್ ಅಲ್ಲ!" ಟ್ರ್ಯಾಕ್ಟರ್ ರಿಪೇರಿ ಮಾಡಿ ಮಾಡಿ ಅವನಿಗೆ ಕೂಗದೆ ಮಾತಾಡುವುದೇ ಮರೆತುಹೋಗಿದೆ.

ಹೊತ್ತು ಏರಿದ ಮೇಲೆ ಗಂಟಲು ಬಿಚ್ಚಿತು. ಎಂಥ ಖುಷಿ! ಬೀಪ್ ಆದೊಡನೆ ಅವರ ಜೊತೆ ನಾನೂ ಓಡುವುದು — ಕೈಗೆಟುಕುವಷ್ಟು ದೂರದಲ್ಲಿ, ಅವರ ಬಲಭುಜದ ಹಿಂದೆ...

ಊಟದ ಬಿಡುವಿನಲ್ಲಿ ಓರ್ವಿಲ್ ಪ್ರೊಹಾಸ್ಕಾ ಕರೆದರು. ಎಪ್ಪತ್ತೆರಡು ವರ್ಷ. ಮೂವತ್ತು ವರ್ಷದಿಂದ ನಮ್ಮ ರೇಂಜಿನ ಯಜಮಾನರು. ಅವರ ಎದುರು ಹಲ್ಲಿನ ಡಾಕ್ಟರೂ ಒಂದೇ, ದನ ಕಾಯುವವನೂ ಒಂದೇ.

"ನೀನು ಗುರಿ ನೋಡ್ತಿದ್ದೆ."

"ಹೊಡೆತ ಬಿತ್ತಾ ಇಲ್ವಾ ಅಂತ..."

"ಗುರಿ ಎಲ್ಲಿಗೂ ಓಡಿಹೋಗಲ್ಲಮ್ಮ, ಆಮೇಲೆ ಎಣಿಸ್ಕೋಬಹುದು. ಪಿಸ್ತೂಲು ನೋಡು. ಬೆರಳು ನೋಡು. ಕಾಲು ಓಡ್ತಿರೋವಾಗ ಬೆರಳು ಟ್ರಿಗರ್ ಹೊರಗಿದೆಯಾ, ಅದನ್ನ ನೋಡು. ಕಣ್ಣು ಅಲ್ಲಿ. ಕಿವಿ ಸದ್ದಿನ ಮೇಲೆ."

ಕೊನೆಯಲ್ಲಿ ಅವರ ಮೊಮ್ಮಗಳು ಥಿಯಾ ಹೊಡೆದಳು. ದನದ ಡಾಕ್ಟರ ಬಳಿ ಕೆಲಸ, ವಯಸ್ಸು ಇಪ್ಪತ್ತಮೂರು. ಅವಳ ಹಿಂದೆ ಓಡುವುದೆಂದರೆ ಗಾಳಿಯ ಹಿಂದೆ ಓಡಿದಂತೆ. ಆದರೂ ಬೆರಳು — ಪ್ರತಿ ಹೆಜ್ಜೆಗೂ ಹೊರಗೆ, ನೇರ. ತಾತನ ಕೈಯಲ್ಲಿ ಬೆಳೆದ ಹುಡುಗಿ.

ಮೇ 18, ಭಾನುವಾರ

ಹಲ್ಲಿನ ಡಾಕ್ಟರ್ ಕೋಲಾರ್ ಅವರು ತಮ್ಮ ಸರದಿಗೆ ಕಾಯುತ್ತಿದ್ದಾಗ ಅವರ ಪಿಸ್ತೂಲು ಒರೆಯಿಂದ ಜಾರಿ ಹುಲ್ಲಿಗೆ ಬಿತ್ತು. ಖಾಲಿಯದೇ. ಎತ್ತಿಕೊಳ್ಳಲು ಬಗ್ಗಿದರು.

"ಮುಟ್ಟಬೇಡಿ!"

ನನ್ನ ದನಿಯಾ ಅದು? ಪಕ್ಕದ ಅಂಕಣದಲ್ಲಿ ಹೊಡೆಯುತ್ತಿದ್ದವರೂ ನಿಂತುಬಿಟ್ಟರು. ಡಾಕ್ಟರು ಅರ್ಧ ಬಗ್ಗಿದ ಹಾಗೇ ಕಲ್ಲಾದರು. ಬಿದ್ದ ಪಿಸ್ತೂಲನ್ನು ಆಫೀಸರೇ ಎತ್ತಬೇಕು — ನೆಲದಿಂದ ಎತ್ತುವ ಅವಸರದಲ್ಲೇ ಬೆರಳು ತಪ್ಪು ಜಾಗಕ್ಕೆ ಹೋಗುವುದು. ಎತ್ತಿದೆ, ಖಾಲಿ ಎಂದು ತೋರಿಸಿದೆ, ಅವರ ಚೀಲಕ್ಕೆ ಹಾಕಿದೆ. ಪಾಪ, ಆಮೇಲೆ ನನ್ನ ಅಂಕದ ಹಾಳೆಗಳನ್ನು ಹಿಡಿದುಕೊಂಡು ಉಳಿದವರ ಅಂಕ ಬರೆದುಕೊಟ್ಟರು.

ಮುಂದಿನ ತಿಂಗಳು ನನ್ನ ದವಡೆ ಹಲ್ಲು ಅವರ ಕೈಯಲ್ಲಿ. ದೇವರೇ ಕಾಪಾಡಬೇಕು.

ಜೂನ್ 8, ಭಾನುವಾರ

ಮಾನ ಹೋಯಿತು.

ಡ್ವೈಟ್ ಹೊಡೆಯುತ್ತಿದ್ದ. ಅವನ ಜೀವನದಲ್ಲೇ ಅಷ್ಟು ಚೆನ್ನಾಗಿ ಹೊಡೆದದ್ದಿಲ್ಲ. ಗಾಳಿ ಬೇರೆ. ಪಕ್ಕದಲ್ಲೂ ಗುಂಡಿನ ಸುರಿಮಳೆ. ಮಧ್ಯೆ ಒಂದು ಸದ್ದು ಸಣ್ಣಗೆ ಕೇಳಿಸಿತು — ಡಮಾರ್ ಅಲ್ಲ, ಟುಸ್. ಮದ್ದಿಲ್ಲದ ತೋಟಾ ಹಾಗೇ ಕೂಗುತ್ತದೆ. ಗುಂಡು ಹೊರಬರದೆ ನಳಿಕೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಅದರ ಬೆನ್ನಿಗೆ ಇನ್ನೊಂದು ಹೊಡೆದರೆ ನಳಿಕೆ ಕೈಯಲ್ಲೇ ಸಿಡಿಯುತ್ತದೆ.

"ನಿಲ್ಲಿ!" ಅಂದೆ. ನಿಂತ. ನಳಿಕೆಗೆ ಕಡ್ಡಿ ಹಾಕಿ ನೋಡಿದರೆ — ಸಲೀಸಾಗಿ ಆಚೆ ಬಂತು. ಏನೂ ಇಲ್ಲ.

ನಿಯಮದ ಪ್ರಕಾರ ಮತ್ತೆ ಮೊದಲಿನಿಂದ ಹೊಡೆದ. ಮೂರು ಗುರಿ ತಪ್ಪಿದ.

"ನಡೀನ್, ನೀನು ಕಾಗದ ಹಂಚೋದೇ ವಾಸಿ. ಅಲ್ಲಿ ಏನೂ ಕೇಳಿಸ್ಕೋಬೇಕಾಗಿಲ್ಲ," ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮುಖ ಉರಿಯುತ್ತಿತ್ತು.

ಓರ್ವಿಲ್ ಮಾತ್ರ ನಗಲಿಲ್ಲ. "ತಪ್ಪಾಗಿ ನಿಲ್ಲಿಸಿದ್ರೆ ಅವನು ಇನ್ನೊಂದು ಸಲ ಹೊಡೀತಾನೆ, ಅಷ್ಟೇ. ನಿಲ್ಲಿಸಬೇಕಾದಾಗ ಸುಮ್ಮನಿದ್ರೆ ಇನ್ನೊಂದು ಸಲ ಅನ್ನೋದೇ ಇರಲ್ಲ. ಗೊತ್ತಾಯ್ತಾ?"

ಗೊತ್ತಾಯಿತು. ಆದರೂ...

ಜುಲೈ 18, ಶುಕ್ರವಾರ

ಆರು ವಾರ ಬರೆಯಲಿಲ್ಲ. ಕಾರಣವನ್ನು ಇಲ್ಲಿಯಾದರೂ ಬರೆಯಬೇಕು. ಈ ನಡುವೆ ಎರಡು ಸಲ ಸದ್ದಿನ ಮೇಲೆ ಅನುಮಾನ ಬಂತು. ಎರಡೂ ಸಲ ಬಾಯಿ ತೆರೆಯಲಿಲ್ಲ. ಡ್ವೈಟ್‌ನ ನಗು ಕಿವಿಯಲ್ಲಿತ್ತು. ಎರಡೂ ಸಲ ಏನೂ ಆಗಲಿಲ್ಲ. ನನ್ನ ಜಾಣತನ ಅಲ್ಲ ಅದು, ಅದೃಷ್ಟ. ಯಾರಿಗೂ ಹೇಳಿಲ್ಲ, ಲೈಲ್‌ಗೂ.

ಈಗ ರಾಜ್ಯಮಟ್ಟದ ಮ್ಯಾಚ್. ಪ್ಲ್ಯಾಟ್ ನದಿಯ ಪಕ್ಕದ ದೊಡ್ಡ ರೇಂಜು, ಹತ್ತು ಅಂಕಣ, ಇನ್ನೂರ ಇಪ್ಪತ್ತು ಜನ. ಓರ್ವಿಲ್ ಇಡೀ ಮ್ಯಾಚಿಗೆ ರೇಂಜ್ ಮಾಸ್ಟರ್. ನನಗೆ ಹತ್ತನೇ ಅಂಕಣ! ಎಲ್ಲಕ್ಕಿಂತ ಉದ್ದದ್ದು. ಮೂವತ್ತೆರಡು ಗುಂಡು, ಎರಡು ಬಾಗಿಲು, ಕೊನೆಗೆ ಮೂರು ಉಕ್ಕಿನ ತಟ್ಟೆ.

ಥಿಯಾ ಸಂಜೆ ಬಂದು ಅಂಕಣ ಅಳೆದು ಹೋದಳು. ಕೈಯಲ್ಲಿ ಗಸಗಸೆ ಹೂರಣದ ಕೊಲಾಚೆ ಬನ್ನು, ಬಾಯಲ್ಲೂ ಒಂದು. ಭಾನುವಾರ ಅವಳ ತಂಡಕ್ಕೆ ಇದೇ ಕೊನೆಯದು.

"ಆಂಟಿ, ಈ ಸಲ ಗೆದ್ರೆ ರಾಷ್ಟ್ರೀಯ ಮ್ಯಾಚಿಗೆ ನೇರ ಪ್ರವೇಶ. ತಾತ ನನಗೋಸ್ಕರ ಆರುನೂರು ತೋಟಾಗೆ ಕೂತು ಕೈಯಾರೆ ಮದ್ದು ತುಂಬಿಕೊಟ್ಟಿದ್ದಾನೆ, ಒಂದೊಂದನ್ನೂ ಒರೆಸಿ. ಸೋತ್ರೆ ಮನೆಗೆ ಹೋಗೋ ಹಾಗಿಲ್ಲ!"

ನಕ್ಕು ಓಡಿದಳು.

ಜುಲೈ 20, ಭಾನುವಾರ. ಮಧ್ಯಾಹ್ನ 3

ಪಿಕಪ್ಪಿನೊಳಗೆ ಕೂತಿದ್ದೇನೆ. ಅಕ್ಷರ ಸೊಟ್ಟ. ಬರೆಯದಿದ್ದರೆ ಆಗುವುದಿಲ್ಲ.

ಥಿಯಾ ಬಂದಾಗ ಒಂಬತ್ತು ಅಂಕಣ ಮುಗಿದು ಅವಳೇ ಮುಂದು. ಬೇಲಿಯ ಆಚೆ ಎಪ್ಪತ್ತು ಎಂಬತ್ತು ಜನ. ಡ್ವೈಟ್ ಕುರ್ಚಿ ಹಾಕಿಕೊಂಡು ಕೂತಿದ್ದ. ಓರ್ವಿಲ್ ದೂರ, ಗಾಡಿಯ ಪಕ್ಕ, ಕೈ ಕಟ್ಟಿಕೊಂಡು.

ಗುಂಡು ತುಂಬಿ, ಸಿದ್ಧರಾಗಿ. ತುಂಬಿದಳು. ರೆಡಿನಾ? ತಲೆ ಆಡಿಸಿದಳು. ತಡೀರಿ...

ಬೀಪ್.

ನಾನು ಎಂದೂ ಅಂಥ ಓಟ ನೋಡಿಲ್ಲ! ಮೊದಲ ಬಾಗಿಲು — ಎರಡೆರಡು, ಎರಡೆರಡು, ಒಂದೂ ಹೆಚ್ಚಿಲ್ಲ. ಬೇಲಿಯ ಕಡೆಯಿಂದ ಕೇಕೆ. ತೋಟಾಪಟ್ಟಿ ಬದಲಾಯಿಸಿದ್ದು ಕಣ್ಣಿಗೇ ಕಾಣಲಿಲ್ಲ. ಎರಡನೇ ಬಾಗಿಲು. ನಾನು ಬೆರಳು ನೋಡುತ್ತಾ ಓಡುತ್ತಿದ್ದೇನೆ, ಎದೆ ಬಾಯಿಗೆ ಬಂದಿದೆ, ಭಯಕ್ಕಲ್ಲ — ಆನಂದಕ್ಕೆ. ಇನ್ನು ಎರಡು ಗುರಿ, ಮೂರು ತಟ್ಟೆ. ರಾಜ್ಯ ಅವಳದು.

ಟುಸ್.

ಗಾಳಿಯಾ? ಪಕ್ಕದ ಅಂಕಣವಾ? ಇನ್ನೂ ಯೋಚಿಸುತ್ತಿದ್ದೇನೆ, ಅಷ್ಟರಲ್ಲಿ ಅವಳ ಎಡಗೈ ಪಿಸ್ತೂಲಿನ ಮೇಲೆ ಹೋಗಿ ಹಿಂದಕ್ಕೆಳೆಯಿತು. ಎಲ್ಲರಿಗೂ ಕಲಿಸಿರುವುದೇ ಅದು — ಹಾರದಿದ್ದರೆ ಎಳೆ, ಮತ್ತೆ ಹೊಡೆ. ಹೊಸ ತೋಟಾ ಒಳಗೆ ಕೂತಿತು. ಬೆರಳು ಟ್ರಿಗರ್ ಕಡೆಗೆ.

"ನಿಲ್ಲು! ನಿಲ್ಲು ಥಿಯಾ!"

ನಿಂತಳು. ಬೆರಳು ಹೊರಗೆ. ಮೂತಿ ಮಣ್ಣುದಿಬ್ಬದ ಕಡೆಗೇ. ಆಮೇಲೆ ತಲೆ ಮಾತ್ರ ತಿರುಗಿಸಿ ನನ್ನನ್ನು ನೋಡಿದಳು. ಆ ನೋಟ!

"ಯಾಕೆ? ಯಾಕೆ ಆಂಟಿ? ನಾನೇನು ತಪ್ಪು ಮಾಡ್ದೆ?"

"ಗುಂಡು ತೆಗೆದು ತೋರಿಸು."

"ಇನ್ನೈದೇ ಸೆಕೆಂಡು ಇತ್ತು!"

"ತೆಗೆದು ತೋರಿಸು, ಕಂದ."

ಬೇಲಿಯ ಕಡೆ ಗದ್ದಲ. ಡ್ವೈಟ್‌ನ ದನಿ: "ಶುರುವಾಯ್ತು ನೋಡಿ ಇವಳದು!" ಥಿಯಾ ಅಳುತ್ತಲೇ ತೆಗೆದು ತೋರಿಸಿದಳು. ಓರ್ವಿಲ್ ಬಂದರು. ಪಿಸ್ತೂಲು ತೆಗೆದುಕೊಂಡು, ನಳಿಕೆ ಬಿಚ್ಚಿ, ಕಡ್ಡಿ ಇಳಿಬಿಟ್ಟರು.

ಅರ್ಧಕ್ಕೆ ಟಕ್ ಎಂದು ನಿಂತಿತು.

ಇನ್ನೊಮ್ಮೆ ಬಿಟ್ಟರು. ಟಕ್.

ಗದ್ದಲ ನಿಂತಿತು. ಡ್ವೈಟ್ ಎದ್ದು ಟೋಪಿ ತೆಗೆದ. ಥಿಯಾ ತನ್ನ ಬಲಗೈ ಬಿಡಿಸಿ ನೋಡಿಕೊಂಡಳು — ಮುಂದೆ, ಹಿಂದೆ, ಒಂದೊಂದು ಬೆರಳು. ಆಮೇಲೆ ಬಂದು ನನ್ನ ಕತ್ತು ಅಪ್ಪಿದ ರಭಸಕ್ಕೆ ನನ್ನ ಕಿವಿರಕ್ಷಕ ಹಾರಿ ಕಲ್ಲುಮಣ್ಣಿಗೆ ಬಿತ್ತು.

ಓರ್ವಿಲ್ ಮಾತ್ರ ಅಲ್ಲೇ. ಕೈಯಲ್ಲಿ ನಳಿಕೆ. ಬಿಳಿಚಿಕೊಂಡ ಮುಖ. ಆಗ ಹೊಳೆಯಿತು ನನಗೆ. ಆ ತೋಟಾ ತುಂಬಿದ ಕೈ ಯಾರದು ಎಂದು.

ಸಂಜೆ 6:30

ನಿಯಮ ನಿಯಮವೇ. ಡ್ವೈಟ್‌ನ ನಳಿಕೆ ಖಾಲಿಯಿತ್ತು, ಅದಕ್ಕೆ ಎರಡನೇ ಅವಕಾಶ. ಇಲ್ಲಿ ತೋಟಾದ್ದೇ ತಪ್ಪು. ಹೊಡೆದಷ್ಟಕ್ಕೇ ಅಂಕ. ಹೊಡೆಯದ ಗುರಿಗೆಲ್ಲ ದಂಡ. ಥಿಯಾ ನಾಲ್ಕನೆಯವಳು. ತೀರ್ಪಿಗೆ ಸಹಿ ಹಾಕಿದವರು ಓರ್ವಿಲ್ಲೇ.

ಬಹುಮಾನ ಕೊಡುವ ಮೊದಲು ಮೈಕ್ ಕೇಳಿದರು. ತೋಟಾ ತುಂಬುವ ಯಂತ್ರವನ್ನೋ ಮದ್ದಿನ ಡಬ್ಬಿಯನ್ನೋ ದೂರುತ್ತಾರೆ ಅಂದುಕೊಂಡಿದ್ದೆ.

"ಆ ತೋಟಾ ತುಂಬಿದ್ದು ನಾನು. ತುಂಬ್ತಾ ಇರೋವಾಗ ಫೋನ್ ಬಂತು. ಮಾತಾಡಿದೆ, ಬಂದು ಬಿಟ್ಟಲ್ಲಿಂದ ಮುಂದುವರಿಸಿದೆ. ಒಳಗೆ ಮದ್ದು ಬಿದ್ದಿದೆಯಾ ಅಂತ ನೋಡಲಿಲ್ಲ. ಮೂವತ್ತು ವರ್ಷದಿಂದ ನಿಮಗೆಲ್ಲ ನೋಡಿ ನೋಡಿ ಅಂತ ಬೈಕೊಂಡು ಬಂದವನು ನಾನೇ ನೋಡಲಿಲ್ಲ. ನನ್ನ ಮೊಮ್ಮಗಳ ಹತ್ತು ಬೆರಳು ಇವತ್ತು ಸರಿಯಾಗಿದ್ರೆ ಅದು ನಡೀನ್ ಕುಚೆರಾಳ ಕಿವಿಯಿಂದ."

ಇನ್ನೂರು ಜನ ಎದ್ದು ನಿಂತರು. ನನಗಾ, ಅವರಿಗಾ? ಇಬ್ಬರಿಗೂ ಇರಬೇಕು. ವಾರಗಟ್ಟಲೆ ಮುಚ್ಚಿಟ್ಟಿದ್ದನ್ನು ಆಮೇಲೆ ಅವರೊಬ್ಬರಿಗೇ ಹೇಳಿದೆ. ಎರಡು ಸಲ ಸುಮ್ಮನಿದ್ದೆ ಅಂತ.

"ಇವತ್ತು ಸುಮ್ಮನಿರಲಿಲ್ಲವಲ್ಲ," ಅಂದರು.

ಜುಲೈ 24, ಗುರುವಾರ

ಕೆಲಸ ಮುಗಿಸಿ ನೇರ ಓರ್ವಿಲ್ ಅವರ ಶೆಡ್ಡಿಗೆ. ಉಳಿದ ಮುನ್ನೂರ ಎಂಬತ್ತು ತೋಟಾ ಒಂದೊಂದಾಗಿ ಬಿಚ್ಚಬೇಕು. ಥಿಯಾ ಬಂದಿದ್ದಳು. ಕರೆಯದೇ ಡ್ವೈಟೂ ಬಂದ, ಕಂಕುಳಲ್ಲಿ ರುನ್ಜಾದ ಪೊಟ್ಟಣ — ಖೀಮಾ, ಕೋಸು ತುಂಬಿದ ಬಿಸಿಬಿಸಿ ಬನ್ನು. ನನ್ನ ಪಾಲಿಗೆ ಎರಡು. ಅದೇ ಅವನ ಕ್ಷಮಾಪಣೆ ಅಂತ ತಿಳಿದು ತಿಂದೆ.

ನಾಲ್ಕು ಜನ, ನಾಲ್ಕು ತಟ್ಟೆ. ಬಿಚ್ಚು, ಮದ್ದು ಸುರಿ, ತೂಗು. ಇನ್ನೂರು ದಾಟಿತು. ಎಲ್ಲ ಸರಿ. ಓರ್ವಿಲ್ ಭುಜ ಸ್ವಲ್ಪ ಸಡಿಲವಾಯಿತು.

"ತಾತ." ಥಿಯಾಳ ದನಿ ತೆಳ್ಳಗೆ. "ಇಲ್ಲೊಂದಿದೆ."

ತಲೆಕೆಳಗಾಗಿಸಿದಳು. ತಟ್ಟೆಗೆ ಒಂದು ಕಣವೂ ಬೀಳಲಿಲ್ಲ.

ಓರ್ವಿಲ್ ಕೂತುಬಿಟ್ಟರು. ಕಣ್ಣೊರೆಸಿಕೊಂಡು, "ನಾನು ಇನ್ನು ಆ ರೇಂಜಿಗೆ ಕಾಲಿಡಲ್ಲ" ಅಂದರು.

"ಇಡ್ತೀಯ," ಅಂದಳು ಥಿಯಾ. "ಮುಂದಿನ ಸಲ ನನ್ನ ತೋಟಾ ನಾನೇ ತುಂಬ್ತೀನಿ. ನೀನು ಪಕ್ಕದಲ್ಲಿ ದೀಪ ಹಿಡ್ಕೊಂಡು ಒಂದೊಂದರ ಒಳಗೂ ನೋಡ್ತೀಯ. ಫೋನು ನಡೀನ್ ಆಂಟಿ ಹತ್ರ ಇರುತ್ತೆ."

ಡ್ವೈಟ್, "ಅವಳ ಹತ್ರ ಬೇಡ, ಬೇರೆಯವರ ಕಾಗದ ಓದೋ ಅಭ್ಯಾಸ ಅವಳಿಗೆ" ಅಂದ. ಓರ್ವಿಲ್‌ಗೆ ನಗು ತಡೆಯಲಾಗಲಿಲ್ಲ. ಉಳಿದದ್ದನ್ನೂ ಬಿಚ್ಚಿ ಮುಗಿಸಿದೆವು. ಮತ್ತೆ ಸಿಗಲಿಲ್ಲ.

ಆಗಸ್ಟ್ 10, ಭಾನುವಾರ. ಬೆಳಗ್ಗೆ 8:40

ಕ್ಲಬ್ಬಿನ ಬೆಂಚಿನ ಮೇಲೆ, ಅವಸರದಲ್ಲಿ. ಓರ್ವಿಲ್ ಬಂದಿದ್ದಾರೆ! ಬಂದವರೇ ಕಾಗದ ಸಿಕ್ಕಿಸಿದ ಹಲಗೆಯನ್ನು ನನ್ನ ಕೈಗಿಟ್ಟರು. "ಇವತ್ತಿನ ಸುರಕ್ಷತೆಯ ಮಾತು ನೀನು ಹೇಳು."

"ಮೂವತ್ತು ವರ್ಷ ನೀವೇ ಹೇಳಿದ್ದು!"

"ಅದಕ್ಕೇ. ನಾನೂ ಒಂದು ಸಲ ಕೇಳಿಸ್ಕೋತೀನಿ."

ನಲವತ್ತಾರು ಜನ. ಆರು ಹೊಸಬರು. ಥಿಯಾಳ ಸೊಂಟದಲ್ಲಿ ಅವಳೇ ತುಂಬಿದ ತೋಟಾ. ಹಲ್ಲಿನ ಡಾಕ್ಟರೂ ಬಂದಿದ್ದಾರೆ, ಒರೆಗೆ ಹೊಸ ಪಟ್ಟಿ ಹೊಲಿಸಿಕೊಂಡು. ಏನು ಹೇಳಲಿ ಮೊದಲು? ಮೂತಿಯಾ, ಬೆರಳಾ? ಓರ್ವಿಲ್ ಮುಂದಿನ ಸಾಲಿನಲ್ಲಿ ಟೋಪಿ ತೊಡೆಯ ಮೇಲಿಟ್ಟು ಕೂತಿದ್ದಾರೆ, ಮೊದಲ ಸಲ ಬಂದವರ ಹಾಗೆ. ಎಲ್ಲರೂ ಸುಮ್ಮನಾದರು. ಈ ಕಡೆಗೇ ನೋಡುತ್ತಿದ್ದಾರೆ. ಎದ್ದೆ —