ಎಡಗಡೆಯ ಚಕ್ರ

ಹಳೇ ದಾಂಡೇಲಿ

ಶೇಖಪ್ಪ ಸಾಹುಕಾರರಿಗೆ ಸಲಾಮು.

ಗುಜರಿಯಾಗಿದ್ದ ನಿಮ್ಮ ಅಮೆರಿಕದ ಡಾಡ್ಜ್ ಕಾರನ್ನು ನಮ್ಮ ಅಂಗಳದಲ್ಲಿ ಒಂಬತ್ತು ವರ್ಷ ಕೂತು ಓಡುವ ಹಾಗೆ ಮಾಡಿದವರು ನನ್ನ ಅಬ್ಬಾ. ಅವರ ಮಣ್ಣಿಗೆ ನೀವು ಬರಲಿಲ್ಲ. ಮರುವಾರವೇ ಟಿವಿಯವರಿಗೆ ಆ ಕಾರು ತೋರಿಸಿ, "ಎಲ್ಲಾ ನಾನ ಮಾಡೇನ್ರಿ, ಈ ಎರಡೂ ಕೈಲೆ" ಅಂದಿರಿ. ನಾನೂ ಅಮ್ಮಿಯೂ ನೋಡುತ್ತಿದ್ದೆವು.

ಮೊನ್ನೆ ಅದೇ ಟಿವಿಯವರನ್ನು ಕೂರಿಸಿಕೊಂಡು ಹೋಗುವಾಗ ಕುಳಗಿ ರಸ್ತೆಯಲ್ಲಿ ಎಡಗಡೆಯ ಚಕ್ರ ಪಂಕ್ಚರ್ ಆಯಿತಂತೆ. ನಟ್ಟು ಬಿಚ್ಚುವ ಪಾನಾಕ್ಕೆ ಪೈಪು ಸಿಕ್ಕಿಸಿ, ಬೇರೆ ಕಾರುಗಳ ಹಾಗೆ ಎಡಕ್ಕೆ ತಿರುವಿ ಮೂರು ಬೋಲ್ಟು ಮುರಿದಿರಂತೆ. ಈಗ "ಬಂದು ರಿಪೇರಿ ಮಾಡವಾ" ಎಂದು ಆಳನ್ನು ಕಳಿಸಿದ್ದೀರಿ. ನಾನು ಬರುವುದಿಲ್ಲ.

ಆ ಕಾರಿನ ಎಡಗಡೆಯ ಚಕ್ರಗಳ ನಟ್ಟು ಉಲ್ಟಾ. ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತವೆ, ಎಡಕ್ಕೆ ತಿರುಗಿಸಿದರೆ ಬಿಗಿಯುತ್ತವೆ. ಆ ಚಕ್ರವನ್ನು ಒಂದೇ ಒಂದು ಸಲ ಬಿಚ್ಚಿದವರಿಗೂ ಇದು ಗೊತ್ತಿರುತ್ತದೆ. ಅಬ್ಬಾ ನನಗೆ ಎಂಟನೇ ವಯಸ್ಸಿಗೇ ಕಲಿಸಿದ್ದರು.

ಮುರಿದ ಬೋಲ್ಟುಗಳನ್ನು ದಯವಿಟ್ಟು ಎಸೆಯಬೇಡಿ. ನಾಳೆ ಟಿವಿಯವರನ್ನು ಮನೆಗೆ ಕರೆದಿದ್ದೇನೆ. ನನ್ನ ಮಾತು ಕೇಳಿಕೊಂಡು ಅವರು ನೇರ ನಿಮ್ಮಲ್ಲಿಗೇ ಬರುತ್ತಾರೆ. ಆ ಮೂರು ಬೋಲ್ಟು ತೋರಿಸಿ. ಅಷ್ಟನ್ನು ಮಾತ್ರ ನಿಜವಾಗಿ ನೀವೇ ಮಾಡಿದ್ದೀರಿ, ಎರಡೂ ಕೈಯಿಂದ.

ಪೀರಸಾಬ ಮಿಸ್ತ್ರಿಯ ಮಗಳು,
ಸಮ್ರೀನ