ತಿರುವಿ ತೊಳೆದ ಬಲೆ

ಮಹಾಂತೇಶ ನಗರದ ಅಕ್ಕನಿಗೆ,

ಖಾನಾಪುರಕ್ಕೆ ವರ್ಗವಾಗಿ ಬಂದು ವಾರವಾಯಿತು. ಮಲಪ್ರಭೆ ಸೇರುವ ಹಳ್ಳಕ್ಕೆ ಊರವರು ಅಡ್ಡಲಾಗಿ ಬಲೆ ಕಟ್ಟಿ ಪ್ಲಾಸ್ಟಿಕ್ ತಡೆಯುತ್ತಾರೆ. ಆದರೆ ಚೀಲಗಳ ಜೊತೆ ಮೀನಿನ ಮರಿಗಳೂ ಸಿಕ್ಕಿ ಸಾಯುತ್ತಿದ್ದವು. ನಿನ್ನೆ ಮೀನುಗಾರ ಮಾರುತಿ, "ಮರಿ ಸತ್ರ ಮುಂದ ನಾ ಏನ್ ಹಿಡೀಲಿ?" ಎಂದು ಬಲೆ ಕೊಯ್ಯಲು ಕುಡಗೋಲು ಹಿಡಿದು ಬಂದ.

ನಮ್ಮ ಮನೆಯೊಡತಿ ಜಿನಮತಿ ಕಾಕು ತಡೆದರು. ಅವರು ಜೈನರು, ಬಾವಿಯ ನೀರು ಸೋಸಿದ ಮೇಲೆ ಅರಿವೆಯನ್ನು ತಿರುವಿ ತೊಳೆದು, ಅದರಲ್ಲಿ ಉಳಿದ ಜೀವಗಳನ್ನು ಬಾವಿಗೇ ಬಿಡುತ್ತಾರೆ. "ಕೊಯ್ಬ್ಯಾಡೋ, ದಿನಾ ತಿರುವಿ ತೊಳಿ. ಸೋಸೂದು ಅರ್ಧಾ ಕೆಲಸ, ಹೊಳ್ಳಿ ಬಿಡೂದು ಇನ್ನರ್ಧಾ" ಎಂದರು.

ಇಂದು ಮುಂಜಾನೆ ಇಬ್ಬರೂ ಎರಡು ತುದಿ ಹಿಡಿದು ಬಲೆ ಜಾಲಿಸಿದರು. ಹಾಲಿನ ಪಾಕೀಟಿನೊಳಗಿಂದಲೂ ಒಂದು ಮರಿ ಜಿಗಿಯಿತು! ಮರಿ ಹೊಳೆಗೆ, ಚೀಲ ಗೋಣಿಯೊಳಗೆ. ಪ್ರಾಸ ತಾನಾಗಿ ಬಂತು, ನನ್ನ ತಪ್ಪಲ್ಲ.

ಮೊಣಕಾಲ ನೋವು ಇಳಿದಿದೆ, ಮುಲಾಮು ಕಳಿಸಬೇಡ. ಕಾರ್ಡ್ ತುಂಬಿತು, ಇದೊಂದನ್ನು ಮೂಲೆಯಲ್ಲಿ ಓದಿಕೋ. ಮರಿಗಳು ಈಜಿ ಹೋಗುವುದನ್ನು ನೋಡಿ ಮಾರುತಿ, "ಕಾಕು, ಇವತ್ತ ನಿಮಗ ಪುಣ್ಯಾ, ಮುಂದ ನನಗ ಪಲ್ಯಾ!" ಎಂದ.

ಕಾಕು ಮುಖ ತಿರುವಿದರು. "ನಾಳೆ ಆರಕ್ಕ ಬಾ, ತಡಾ ಮಾಡಬ್ಯಾಡ."

ನಿನ್ನ ತಮ್ಮ,
ಬಸವಪ್ರಸಾದ