ಉಗುಳಬೇಕಿದ್ದ ಗುಟುಕು

ಏನೂಂದ್ರೆ,

ನಾನೂ ತಂಗಿಯೂ ಸುಖವಾಗಿ ತಲುಪಿದೆವು. "ಕುಡಿತ ಬಿಟ್ಟೋನು ವೈನ್ ಊರಿಗೆ ಬಂದ್ರೆ ಬೆಕ್ಕನ್ನ ಹಾಲಿನ ಕಾವಲಿಗಿಟ್ಟ ಹಾಗೆ" ಎಂದು ನೀವು ಮನೆಯಲ್ಲೇ ಉಳಿದದ್ದು ಒಳ್ಳೆಯದೇ ಆಯಿತು.

ಇಂದು ತಂಗಿ ನನ್ನನ್ನು ಇಲ್ಲಿಯ ಹೆಸರಾಂತ ಹಳೆಯ ವೈನ್ ನೆಲಮಾಳಿಗೆಗೆ ಕರೆದೊಯ್ದಳು. ಕಲ್ಲಿನ ಕಮಾನು, ಸಾಲಾಗಿ ಮಲಗಿಸಿದ ಮರದ ಪೀಪಾಯಿಗಳು. ವಾಸನೆಗೆ ಮಾತ್ರ ನನಗೆ, ಆಗೆಲ್ಲ ರಾತ್ರಿ ನಿಮ್ಮನ್ನು ನಿಲ್ಲಿಸಿ ಕೇಳುತ್ತಿದ್ದ ನಮ್ಮ ಮನೆಯ ಹೊಸಿಲು ನೆನಪಾಯಿತು. ವಿಚಿತ್ರವೆಂದರೆ, ಅಷ್ಟು ದುಬಾರಿ ವೈನನ್ನು ಇವರು ಮುಕ್ಕಳಿಸಿ, ರುಚಿ ನೋಡಿ, ಬಕೆಟ್ಟಿಗೆ ಉಗುಳುತ್ತಾರೆ! ಬಾಯಿಗೆ ಬಂದದ್ದನ್ನು ಬಿಡುವುದು ಇವರಿಗೆ ಕಸುಬು. ನಿಮಗೆ ಅರ್ಧ ಆಯುಷ್ಯ ಹಿಡಿಯಿತು.

ಅಲ್ಲಿಯ ಕೆಲಸದಾಕೆ ನನಗೂ ಒಂದು ಲೋಟ ಕೊಟ್ಟಳು. "ತಗೋ ಅಕ್ಕ, ಉಗುಳೋದೇ ತಾನೆ," ಎಂದಳು ತಂಗಿ. ನಾನು ಕಂಡವರ ಲೋಟಕ್ಕೆ ತುಟಿ ತಾಗಿಸುವವಳೇ? ಅಭ್ಯಾಸದಂತೆ ತಲೆಯೆತ್ತಿ ಮೇಲಿನಿಂದ ಸುರಿದುಕೊಂಡೆ. ಹಾಗೆ ಸುರಿದದ್ದು ಬಾಯಲ್ಲಿ ನಿಲ್ಲುತ್ತದೆಯೇ? ಸೀದಾ ಗಂಟಲಿಗಿಳಿಯಿತು. ಉಗುಳೋಣವೆಂದು ಬಗ್ಗಿದರೆ ಬಾಯಲ್ಲಿ ಏನೂ ಇಲ್ಲ! ತಂಗಿ ಇನ್ನೂ ನಗುತ್ತಿದ್ದಾಳೆ.

ಮಂಡಿನೋವು ಪರವಾಗಿಲ್ಲ. ನೀವು ಬಿ.ಪಿ. ಮಾತ್ರೆ ಮರೆಯಬೇಡಿ. ಕಾರ್ಡಿನಲ್ಲಿ ಜಾಗ ಮುಗಿಯುತ್ತಾ ಬಂತು, ಪೋಸ್ಟ್‌ಮನ್ ಓದಿದರೆ ಓದಿಕೊಳ್ಳಲಿ.

ಆಗೆಲ್ಲ "ನಾನಾಗಿ ಕುಡೀಲಿಲ್ಲ ಕಣೇ, ಅದಾಗೇ ಇಳಿದೋಯ್ತು" ಅನ್ನುತ್ತಿದ್ದಿರಲ್ಲ, ಅದನ್ನು ನಾನು ಈಗಲೂ ನಂಬುವುದಿಲ್ಲ. ಆದರೆ ನನ್ನದು ನಿಜವಾಗಿಯೂ ಅದಾಗೇ ಇಳಿದದ್ದು. ನಾನು ಬಂದಾಗ ಬಾಗಿಲಲ್ಲಿ ನಿಲ್ಲಿಸಿ ಕೇಳಬೇಡಿ.

ನಿಮ್ಮವಳು